ಬಿಬಿಸಿಯ ಕ್ರಿಸ್‌ಮಸ್ ದೆವ್ವದ ಕಥೆಗಳು: ಹೇಗೆ ನೋಡಬೇಕು, ಎಲ್ಲಿಂದ ಶುರು ಮಾಡಬೇಕು

1971ರಿಂದ 1978ರವರೆಗೆ ಬಿಬಿಸಿ ಪ್ರತಿ ವರ್ಷ ಕ್ರಿಸ್‌ಮಸ್ ಆಸುಪಾಸಿನ ಒಂದು ರಾತ್ರಿ ಒಂದು ದೆವ್ವದ ಕಥೆ ಪ್ರಸಾರ ಮಾಡುತ್ತಿತ್ತು. 'ಎ ಘೋಸ್ಟ್ ಸ್ಟೋರಿ ಫಾರ್ ಕ್ರಿಸ್‌ಮಸ್' ಎಂಬ ಹೆಸರಿನ ಈ ಸರಣಿಯಲ್ಲಿ ಒಟ್ಟು ಎಂಟು ಚಿತ್ರಗಳಿವೆ. ತೀರಾ ಚಿಕ್ಕದು ಸುಮಾರು 32 ನಿಮಿಷ, ಉದ್ದದ್ದು 50 ನಿಮಿಷ. ಮೊದಲ ಏಳನ್ನು ಲಾರೆನ್ಸ್ ಗಾರ್ಡನ್ ಕ್ಲಾರ್ಕ್ ನಿರ್ದೇಶಿಸಿದರು, ಎಂಟನೆಯದನ್ನು ಡೆರೆಕ್ ಲಿಸ್ಟರ್. ಮೊದಲ ಐದಕ್ಕೆ ದೆವ್ವದ ಕಥೆಗಳಿಗೆ ಹೆಸರಾದ ಇಂಗ್ಲಿಷ್ ಲೇಖಕ ಎಂ. ಆರ್. ಜೇಮ್ಸ್ ಅವರ ಕಥೆಗಳೇ ಆಧಾರ. ಆರನೆಯದು ಚಾರ್ಲ್ಸ್ ಡಿಕನ್ಸ್ ಕಥೆ. ಕೊನೆಯ ಎರಡು ಟಿವಿಗೆಂದೇ ಬರೆದವು.

ಇವನ್ನು ನೋಡಿದ ಎಷ್ಟೋ ಜನ 'ಚೆನ್ನಾಗಿದೆ, ಆದರೆ ಭಯವೇನೂ ಆಗಲಿಲ್ಲ' ಅನ್ನುತ್ತಾರೆ. ಹೆಚ್ಚಿನ ಸಲ ತಪ್ಪು ಚಿತ್ರದ್ದಲ್ಲ, ನೋಡಿದ ರೀತಿಯದ್ದು. ಇಲ್ಲಿ ಯಾವುದೂ ಕ್ಯಾಮೆರಾದ ಮುಂದೆ ಹಾರಿ ಬಂದು ಹೆದರಿಸುವುದಿಲ್ಲ. ಚೌಕಟ್ಟಿನ ಅಂಚಿನಲ್ಲಿ, ದೂರದಲ್ಲಿ ಯಾರೋ ನಿಂತಿರುತ್ತಾರೆ. ಮಾತಿನ ನಡುವೆ ಒಂದು ಸಣ್ಣ ಸದ್ದು ಬಂದು ಹೋಗುತ್ತದೆ. ಟ್ಯೂಬ್‌ಲೈಟ್ ಉರಿಯುತ್ತಿರುವ ಹಾಲ್‌ನಲ್ಲಿ, ಫ್ಯಾನ್ ಗರಗರ ಅನ್ನುತ್ತಿರುವಾಗ, ಚಿತ್ರವನ್ನು ಎಳೆದು ಅಗಲ ಮಾಡಿದ ಟಿವಿಯಲ್ಲಿ ಈ ಎರಡೂ ಕಳೆದುಹೋಗುತ್ತವೆ. ಆದ್ದರಿಂದ ಮೊದಲು ಯಂತ್ರದ ಕೆಲಸ, ಆಮೇಲೆ ಕಥೆ.

ಡಿಸ್ಕ್, ಪ್ಲೇಯರ್, ರೀಜನ್

ಚಿತ್ರಗಳು ಅಧಿಕೃತವಾಗಿ ಸಿಗುವುದು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹೊರತಂದ ಡಿಸ್ಕ್‌ಗಳಲ್ಲಿ. 2012ರಲ್ಲಿ ಡಿವಿಡಿಗಳು ಬಂದವು. 2022 ಮತ್ತು 2023ರಲ್ಲಿ ಎರಡು ಬ್ಲೂ-ರೇ ಸಂಪುಟಗಳು ಬಂದವು. ಮೊದಲ ಸಂಪುಟದಲ್ಲಿ 1971, 72, 73ರ ಚಿತ್ರಗಳ ಜೊತೆ ಸರಣಿಗೆ ದಾರಿ ಮಾಡಿಕೊಟ್ಟ 1968ರ 'ವಿಸಲ್ ಅಂಡ್ ಐ ವಿಲ್ ಕಮ್ ಟು ಯೂ' ಕೂಡ ಇದೆ. ಉಳಿದ ಐದು ಎರಡನೆಯದರಲ್ಲಿವೆ. ದುಡ್ಡು ಒಂದಕ್ಕೇ ಇದ್ದರೆ ಮೊದಲ ಸಂಪುಟ ಕೊಳ್ಳಿ. ಬಿಬಿಸಿ ಐಪ್ಲೇಯರ್ ಬ್ರಿಟನ್ನಿನೊಳಗೆ ಇರುವವರಿಗೆ ಮಾತ್ರ, ಅದಕ್ಕೂ ಟಿವಿ ಲೈಸೆನ್ಸ್ ಬೇಕು. ಯೂಟ್ಯೂಬಿನಲ್ಲಿ ಯಾರೋ ಹಾಕಿರುವ ಹಳೆಯ ಟೇಪ್ ಪ್ರತಿಗಳ ಆಸೆ ಬೇಡ. ಕತ್ತಲೆಯ ದೃಶ್ಯಗಳೆಲ್ಲ ಅದರಲ್ಲಿ ಕಪ್ಪು ಚೌಕಗಳಾಗಿ ಒಡೆದುಹೋಗಿರುತ್ತವೆ, ನೋಡಬೇಕಾದದ್ದು ಇರುವುದೇ ಆ ಕತ್ತಲೆಯಲ್ಲಿ.

ಕೊಳ್ಳುವ ಮುಂಚೆ ರೀಜನ್, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತದೆ ಎಂಬ ಗುರುತು, ನೋಡಿಕೊಳ್ಳಿ. ಹಣ ಹಾಳಾಗುವುದು ಇಲ್ಲೇ. ಡಿವಿಡಿ ಲೆಕ್ಕದಲ್ಲಿ ಬ್ರಿಟನ್ ರೀಜನ್ 2, ಭಾರತ ರೀಜನ್ 5, ಅಮೆರಿಕ ರೀಜನ್ 1. ಬ್ಲೂ-ರೇ ಲೆಕ್ಕ ಬೇರೆ: ಬ್ರಿಟನ್ ಬಿ, ಭಾರತ ಸಿ, ಅಮೆರಿಕ ಎ. ಬೆಂಗಳೂರಿನಲ್ಲಿ ಕೊಂಡ ಮಾಮೂಲಿ ಬ್ಲೂ-ರೇ ಪ್ಲೇಯರ್‌ಗೆ ರೀಜನ್ ಬಿ ಡಿಸ್ಕ್ ಹಾಕಿದರೆ ಅದು ತೆಗೆದುಕೊಳ್ಳುವುದಿಲ್ಲ. ಡಿವಿಡಿ ಪ್ಲೇಯರ್‌ಗಳಲ್ಲಿ ಹಲವನ್ನು ರಿಮೋಟಿನ ಒಂದು ಕೋಡ್ ಒತ್ತಿ ಎಲ್ಲ ರೀಜನ್‌ಗೂ ತೆರೆಯಬಹುದು, ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಕೋಡ್ ಸಿಗುತ್ತದೆ. ಬ್ಲೂ-ರೇಗೆ ಇದು ಸಾಮಾನ್ಯವಾಗಿ ನಡೆಯುವುದಿಲ್ಲ. ಮೊದಲೇ ಮಲ್ಟಿ-ರೀಜನ್ ಮಾಡಿ ಮಾರುವ ಪ್ಲೇಯರ್ ಬೇಕು. ಡಿವಿಡಿಗೆ ಮಾತ್ರ ಮಲ್ಟಿ-ರೀಜನ್ ಎಂದು ಬರೆದು ಮಾರುವವರೂ ಇದ್ದಾರೆ, 'ಬ್ಲೂ-ರೇ ಎ, ಬಿ, ಸಿ ಮೂರೂ ಓಡುತ್ತದಾ' ಎಂದು ಬಿಡಿಸಿ ಕೇಳಿ.

ಬ್ರಿಟನ್ನಿನಿಂದ ಯಾರಾದರೂ ಪ್ಲೇಯರನ್ನೇ ತಂದುಕೊಟ್ಟರೆ ಕರೆಂಟಿನ ತೊಂದರೆ ಇಲ್ಲ. ಅಲ್ಲೂ 230 ವೋಲ್ಟ್, ಇಲ್ಲೂ 230 ವೋಲ್ಟ್. ಪ್ಲಗ್ಗಿನ ಪಿನ್‌ಗಳಷ್ಟೇ ಬೇರೆ, ಒಂದು ಅಡಾಪ್ಟರ್ ಸಾಕು. ಅಮೆರಿಕದಲ್ಲಿರುವ ಕನ್ನಡಿಗರಿಗೆ ತಲೆನೋವು ಹೆಚ್ಚು. ಅಲ್ಲಿಯ ಕರೆಂಟು 120 ವೋಲ್ಟ್, ಆದ್ದರಿಂದ ಪ್ಲೇಯರ್ ಹಿಂದಿನ ಲೇಬಲ್ಲಿನಲ್ಲಿ 100–240 ಎಂದು ಬರೆದಿದೆಯೇ ನೋಡಬೇಕು. ಇನ್ನೊಂದು ತೊಡಕು ವೇಗದ್ದು. ಬ್ರಿಟಿಷ್ ಟಿವಿಗೆ ತೆಗೆದ ಚಿತ್ರ ಸೆಕೆಂಡಿಗೆ 25 ಫ್ರೇಮ್ ಓಡುತ್ತದೆ, ಡಿಸ್ಕಿನಲ್ಲಿ 50 ಹರ್ಟ್ಸ್ ಸಿಗ್ನಲ್ ಆಗಿ ಬರುವುದುಂಟು. ಅಮೆರಿಕದ ಎಷ್ಟೋ ಟಿವಿ, ಪ್ಲೇಯರ್‌ಗಳು 60 ಹರ್ಟ್ಸ್‌ಗೆ ಮಾತ್ರ ಒಗ್ಗಿರುವುದರಿಂದ ಸದ್ದು ಬಂದು ಚಿತ್ರ ಬರದೆ ಇರಬಹುದು. ಸಿಗ್ನಲ್ಲನ್ನು 60ಕ್ಕೆ ಪರಿವರ್ತಿಸಿ ಕೊಡುವ ಪ್ಲೇಯರ್ ಕೊಂಡರೆ ಸರಿಹೋಗುತ್ತದೆ. ಭಾರತದ ಟಿವಿಗಳಿಗೆ ಈ ತೊಂದರೆ ಇಲ್ಲ. ನಮ್ಮದೂ ಬ್ರಿಟನ್ನಿನ ಹಾಗೆ ಪಾಲ್ (PAL) ಎಂಬ ಟಿವಿ ಪದ್ಧತಿ, 50 ಹರ್ಟ್ಸ್.

ಕಂಪ್ಯೂಟರಿನ ಡಿವಿಡಿ ಡ್ರೈವ್ ಬಳಸುವವರಿಗೆ ಒಂದು ಎಚ್ಚರಿಕೆ: ಡ್ರೈವಿನ ರೀಜನ್ ಬದಲಿಸಲು ಐದೇ ಸಲ ಅವಕಾಶ. ಐದನೆಯ ಸಲ ಯಾವುದಕ್ಕೆ ಬದಲಿಸಿದಿರೋ ಅಲ್ಲಿಗೇ ಬೀಗ ಬಿದ್ದ ಹಾಗೆ. ಬ್ಲೂ-ರೇ ಅಂತೂ ವಿಎಲ್‌ಸಿ ಎಂಬ ಉಚಿತ ವಿಡಿಯೋ ತಂತ್ರಾಂಶದಲ್ಲಿ ಹಾಗೆಯೇ ತೆರೆದುಕೊಳ್ಳುವುದಿಲ್ಲ.

ಟಿವಿಯನ್ನು ಪಳಗಿಸುವುದು

ಪಿಕ್ಚರ್ ಮೋಡ್ ಅನ್ನು 'ಫಿಲ್ಮ್‌ಮೇಕರ್', ಅದಿಲ್ಲದಿದ್ದರೆ 'ಸಿನೆಮಾ' ಅಥವಾ 'ಮೂವಿ'ಗೆ ಹಾಕಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆಮೇಲೂ ನಾಲ್ಕು ಕಡೆ ಕೈಯಾರೆ ನೋಡಬೇಕು.

ಮೊದಲನೆಯದು ಮೋಷನ್ ಸ್ಮೂದಿಂಗ್. ಎಲ್‌ಜಿಯಲ್ಲಿ 'ಟ್ರೂಮೋಷನ್', ಸೋನಿಯಲ್ಲಿ 'ಮೋಷನ್‌ಫ್ಲೋ', ಸ್ಯಾಮ್‌ಸಂಗ್‌ನಲ್ಲಿ 'ಆಟೋ ಮೋಷನ್ ಪ್ಲಸ್' ಅಥವಾ 'ಪಿಕ್ಚರ್ ಕ್ಲಾರಿಟಿ'. ಪೂರ್ತಿ ಆಫ್ ಮಾಡಿ. 25 ಫ್ರೇಮ್‌ಗಳ ನಡುವೆ ಟಿವಿ ತಾನೇ ಫ್ರೇಮ್ ಸೃಷ್ಟಿಸಿ ತುಂಬಿದರೆ, 16 ಎಂಎಂ ಫಿಲ್ಮಿನಲ್ಲಿ ತೆಗೆದ ಚಿತ್ರ ಸಂಜೆಯ ಧಾರಾವಾಹಿಯ ಹಾಗೆ ಜಾರತೊಡಗುತ್ತದೆ. ಮರಳಿನ ಮೇಲೆ ಮೆಲ್ಲಗೆ ಬರುವ ಆಕೃತಿಯ ಅಂಚುಗಳೂ ಕಲಸಿಹೋಗುತ್ತವೆ.

ಎರಡನೆಯದು ಚಿತ್ರದ ಆಕಾರ. ಇವೆಲ್ಲ 4:3 ಚಿತ್ರಗಳು, ಎಡಬಲದಲ್ಲಿ ಕಪ್ಪು ಪಟ್ಟಿ ಇರಲೇಬೇಕು. '16:9' ಅಥವಾ 'ವೈಡ್' ಹಾಕಿದರೆ ಮುಖಗಳು ಊದಿಕೊಳ್ಳುತ್ತವೆ. 'ಜೂಮ್' ಅದಕ್ಕಿಂತ ಕೆಟ್ಟದ್ದು. ಪರದೆ ತುಂಬಿಸಲು ಅದು ಎತ್ತರದಲ್ಲಿ ಕಾಲು ಭಾಗವನ್ನು ಕತ್ತರಿಸುತ್ತದೆ. 'ಒರಿಜಿನಲ್' ಅಥವಾ '4:3' ಆರಿಸಿ. ಜೊತೆಗೆ ಎಲ್‌ಜಿಯಲ್ಲಿ 'ಜಸ್ಟ್ ಸ್ಕ್ಯಾನ್', ಸ್ಯಾಮ್‌ಸಂಗ್‌ನಲ್ಲಿ 'ಫಿಟ್ ಟು ಸ್ಕ್ರೀನ್' ಆನ್ ಮಾಡಿ, ಇಲ್ಲದಿದ್ದರೆ ನಾಲ್ಕು ಅಂಚುಗಳಲ್ಲೂ ಒಂದಿಷ್ಟು ಹೋಗುತ್ತದೆ. ಅಂಚಿನಲ್ಲೇ ವಿಷಯ ಇಟ್ಟಿರುವ ಚಿತ್ರಗಳಿಗೆ ಇದು ಸಣ್ಣ ನಷ್ಟವಲ್ಲ.

ಮೂರನೆಯದು ನಾಯ್ಸ್ ರಿಡಕ್ಷನ್ ಮತ್ತು ಶಾರ್ಪ್‌ನೆಸ್. 16 ಎಂಎಂ ಫಿಲ್ಮಿಗೆ ಕಾಳುಕಾಳಾದ ಗ್ರೇನ್ ಸಹಜ. ಅದನ್ನು ಕೊಳೆ ಎಂದುಕೊಂಡು ಟಿವಿ ಒರೆಸಿಹಾಕಿದರೆ ಮಂಜು, ಕಲ್ಲುಗೋಡೆ, ಮುಖದ ಸುಕ್ಕು ಎಲ್ಲ ಒಂದೇ ಬಗೆಯ ಮೇಣವಾಗುತ್ತವೆ. ನಾಯ್ಸ್ ರಿಡಕ್ಷನ್ ಆಫ್. ಶಾರ್ಪ್‌ನೆಸ್ ಅನ್ನು ವಸ್ತುಗಳ ಸುತ್ತ ಬಿಳಿಯ ಗೆರೆ ಮಾಯವಾಗುವವರೆಗೆ ಇಳಿಸಿ.

ಕೊನೆಯದು ಕತ್ತಲೆ. ಕೋಣೆಯ ಬೆಳಕು ನೋಡಿ ಟಿವಿ ತಾನೇ ಮಂಕಾಗುವ ಸೆನ್ಸರ್ ಮತ್ತು 'ಎನರ್ಜಿ ಸೇವಿಂಗ್' ಎರಡನ್ನೂ ಆಫ್ ಮಾಡಿ. ನಂತರ 'ದಿ ಸಿಗ್ನಲ್‌ಮನ್' ಚಿತ್ರದಲ್ಲಿ ಸುರಂಗದ ಬಾಯಿಯ ಬಳಿಯ ಒಂದು ರಾತ್ರಿಯ ದೃಶ್ಯ ಹಾಕಿ ಪಾಸ್ ಮಾಡಿ. ಕಪ್ಪು ಕೋಟು ಸುರಂಗದ ಕಪ್ಪಿನಿಂದ ಬೇರೆಯಾಗಿ ಕಾಣಬೇಕು, ಆದರೆ ಸುರಂಗ ಬೂದು ಬಣ್ಣಕ್ಕೆ ತಿರುಗಬಾರದು. ಅಷ್ಟಕ್ಕೆ ಬ್ಲ್ಯಾಕ್ ಲೆವೆಲ್ ನಿಲ್ಲಿಸಿ. ಬಣ್ಣ ಸರಿಯಿದೆಯೇ ಎಂದು ತಿಳಿಯಲು ಕಪ್ಪು-ಬಿಳುಪಿನ 'ವಿಸಲ್' ಸಾಕು. ಬೂದು ಬಣ್ಣದಲ್ಲಿ ನೀಲಿ ಛಾಯೆ ಕಂಡರೆ ಕಲರ್ ಟೆಂಪರೇಚರನ್ನು 'ವಾರ್ಮ್' ಕಡೆಗೆ ಸರಿಸಿ.

ಸದ್ದು, ಕೋಣೆ, ಸಬ್‌ಟೈಟಲ್

ಧ್ವನಿ ಮೋನೊ, ಅಂದರೆ ಒಂದೇ ಚಾನೆಲಿನದು. ಸೌಂಡ್‌ಬಾರಿನ ಸರೌಂಡ್, ಟಿವಿಯ 'ಎಐ ಸೌಂಡ್', 'ಅಡಾಪ್ಟಿವ್ ಸೌಂಡ್', 'ಆಟೋ ವಾಲ್ಯೂಮ್', 'ನೈಟ್ ಮೋಡ್' ಎಲ್ಲ ಆಫ್. ಇವು ಮೆಲ್ಲನೆಯ ಸದ್ದನ್ನು ಎತ್ತಿ, ಜೋರಾದದ್ದನ್ನು ಇಳಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಪಿಸುಮಾತು ಮಾತಿನಷ್ಟೇ ಗಟ್ಟಿಯಾದರೆ ಅದು ಪಿಸುಮಾತಾಗಿ ಉಳಿಯುವುದಿಲ್ಲ. ಮೊದಲ ಐದು ನಿಮಿಷದ ಸಂಭಾಷಣೆ ಸಲೀಸಾಗಿ ಕೇಳುವಷ್ಟು ವಾಲ್ಯೂಮ್ ಇಟ್ಟು, ಆಮೇಲೆ ರಿಮೋಟ್ ದೂರ ಇಡಿ. ತೆಳು ಟಿವಿಯ ಒಳಗಿನ ಸ್ಪೀಕರಿಗಿಂತ ಸಾಧಾರಣ ಜೋಡಿ ಸ್ಪೀಕರ್ ವಾಸಿ. ಒಬ್ಬರೇ ನೋಡುವುದಾದರೆ ಹೆಡ್‌ಫೋನ್ ಎಲ್ಲಕ್ಕಿಂತ ಉತ್ತಮ.

ಫ್ಯಾನ್ ನಿಲ್ಲಿಸಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಕರ್ನಾಟಕದ ಬಹುಪಾಲು ಊರುಗಳಲ್ಲಿ ಇದು ಕಷ್ಟವಲ್ಲ. ಬೀದಿದೀಪದ ಬೆಳಕು ಟಿವಿಯ ಮೇಲೆ ಬೀಳದ ಹಾಗೆ ಕಿಟಕಿಯ ಪರದೆ ಎಳೆದು, ಹತ್ತು ಹದಿನೈದು ನಿಮಿಷ ಮೊದಲೇ ದೀಪ ಆರಿಸಿದರೆ ಕಣ್ಣು ಕತ್ತಲೆಗೆ ಹೊಂದಿಕೊಂಡಿರುತ್ತದೆ. ಪೂರ್ತಿ ಕತ್ತಲೆ ಕಣ್ಣಿಗೆ ನೋವು ಅನಿಸಿದರೆ ಟಿವಿಯ ಹಿಂದೆ, ಗೋಡೆಯ ಕಡೆಗೆ ಒಂದು ಸಣ್ಣ ಬಿಳಿ ದೀಪ ಇಡಿ. ನೋಡುವವರ ಬೆನ್ನ ಹಿಂದೆ ಯಾವ ದೀಪವೂ ಬೇಡ.

ಸಬ್‌ಟೈಟಲ್ ವಿಚಾರದಲ್ಲಿ ಒಂದು ಇಕ್ಕಟ್ಟಿದೆ. ನಾರ್ಫೋಕ್ ಕರಾವಳಿಯ ಹಳ್ಳಿಗರ ಇಂಗ್ಲಿಷ್ ನಮ್ಮ ಕಿವಿಗೆ ಸುಲಭವಲ್ಲ, 'ವಿಸಲ್'ನಲ್ಲಿ ಮೈಕೇಲ್ ಹಾರ್ಡರ್ನ್ ಬಾಯೊಳಗೇ ಗೊಣಗುವುದು ಇಂಗ್ಲಿಷರಿಗೇ ಕಷ್ಟ. ಆದರೆ ಕಿವಿ ಕೇಳದವರಿಗಾಗಿ ಮಾಡಿದ ಸಬ್‌ಟೈಟಲ್ ಸದ್ದುಗಳನ್ನೂ ಬರೆದು ತೋರಿಸುತ್ತದೆ. ನೀವೇ ಕೇಳಿ ಬೆಚ್ಚಬೇಕಾದ ಸದ್ದನ್ನು ಕಣ್ಣು ಮೊದಲೇ ಓದಿಬಿಡುತ್ತದೆ. 'ವಿಸಲ್' ಮತ್ತು 'ಎ ವಾರ್ನಿಂಗ್ ಟು ದಿ ಕ್ಯೂರಿಯಸ್' ಎರಡಕ್ಕೆ ಸಬ್‌ಟೈಟಲ್ ಹಾಕಿಕೊಳ್ಳಿ. 'ಸಿಗ್ನಲ್‌ಮನ್' ಮತ್ತು 'ಲಾಸ್ಟ್ ಹಾರ್ಟ್ಸ್' ಇಲ್ಲದೆಯೇ ನೋಡಿ, ಅವುಗಳ ಮಾತು ನಿಧಾನ, ಸ್ಪಷ್ಟ.

ಡಿಸ್ಕಿನಲ್ಲಿ ಲಾರೆನ್ಸ್ ಗಾರ್ಡನ್ ಕ್ಲಾರ್ಕ್ ಮಾತಾಡಿರುವ ಪರಿಚಯಗಳಿವೆ. ಹೆಸರು ಪರಿಚಯವಾದರೂ ಕಥೆಯ ಗುಟ್ಟು ಅದರಲ್ಲಿ ಬಯಲಾಗಬಹುದು. ಅವನ್ನು ಚಿತ್ರ ಮುಗಿದ ಮೇಲೆ ನೋಡಿ.

ಯಾವ ಕ್ರಮದಲ್ಲಿ

ಎಂಟೂ ಸೇರಿ ಸುಮಾರು ಐದು ಗಂಟೆ. ಒಂದೇ ದಿನ ಕೂತು ಮುಗಿಸಬೇಡಿ. ವರ್ಷಕ್ಕೊಂದರಂತೆ ನೋಡಲು ಮಾಡಿದ ಚಿತ್ರಗಳಿವು. ನಾಲ್ಕನ್ನು ಸಾಲಾಗಿ ನೋಡಿದರೆ 'ಹಳೆಯದೇನೋ ಕೆದಕಿದ, ಅದು ಬೆನ್ನು ಹತ್ತಿತು' ಎಂಬ ಒಂದೇ ಸೂತ್ರ ಕಾಣತೊಡಗಿ, ಐದನೆಯದರ ಹೊತ್ತಿಗೆ ಬೇಸರ ಬರುತ್ತದೆ. ರಾತ್ರಿಗೊಂದು, ಸಾಧ್ಯವಾದರೆ ವಾರಕ್ಕೊಂದು.

ಶುರು ಮಾಡಲು 1976ರ 'ದಿ ಸಿಗ್ನಲ್‌ಮನ್'. ಸರಣಿಯಲ್ಲಿ ಎಲ್ಲರನ್ನೂ ಹಿಡಿದು ಕೂರಿಸುವ ಚಿತ್ರ ಇದು. ಡಿಕನ್ಸ್ ಈ ಕಥೆಯನ್ನು 1866ರಲ್ಲಿ ಪ್ರಕಟಿಸಿದರು. ಹಿಂದಿನ ವರ್ಷ ಜೂನ್ 9ರಂದು ಸ್ಟೇಪಲ್‌ಹರ್ಸ್ಟ್ ರೈಲು ಅಪಘಾತದಲ್ಲಿ ಅವರು ಸ್ವತಃ ಬದುಕುಳಿದಿದ್ದರು. ಆಂಡ್ರ್ಯೂ ಡೇವಿಸ್ ಬರೆದ ಚಿತ್ರಕಥೆ ಮೂಲಕ್ಕೆ ಬಹಳ ಹತ್ತಿರ. ಚಿತ್ರೀಕರಣ ಸೆವರ್ನ್ ವ್ಯಾಲಿ ರೈಲ್ವೆಯಲ್ಲಿ. ಎತ್ತರದ ದಿಬ್ಬಗಳ ನಡುವೆ ಕೊರೆದ ಹಳಿ, ಒಂದು ಸುರಂಗ, ಒಂದು ಗುಡಿಸಲಿನಂಥ ಸಿಗ್ನಲ್ ಕೋಣೆ, ಇಬ್ಬರೇ ಇಬ್ಬರು ಮಾತಾಡುತ್ತಾ ಕೂತಿರುತ್ತಾರೆ. ಡೆನ್‌ಹೋಮ್ ಎಲಿಯಟ್ ಸಿಗ್ನಲ್‌ಮನ್, ಬರ್ನಾರ್ಡ್ ಲಾಯ್ಡ್ ಅವನನ್ನು ಕಾಣಲು ಬಂದ ಪ್ರಯಾಣಿಕ. ನೋಡುವಾಗ ಒಂದು ಕೆಲಸ ಮಾಡಿ: ಕೋಣೆಯ ಗಂಟೆಯ ಮೇಲೆ ನಿಗಾ ಇಡಿ. ಎಲಿಯಟ್ ಮಾತು ನಿಲ್ಲಿಸಿ ಗಂಟೆಯ ಕಡೆ ತಿರುಗಿದಾಗಲೆಲ್ಲ ನೀವು ಪ್ರಯಾಣಿಕನ ಮುಖ ನೋಡಿ. ಅವನಿಗೂ ಕೇಳಿಸಿತೇ, ಇಲ್ಲ ಸಿಗ್ನಲ್‌ಮನ್ ಒಬ್ಬನಿಗೇ ಕೇಳಿಸಿತೇ ಎಂಬುದು ಅಲ್ಲಿ ತಿಳಿಯುತ್ತದೆ. ಫ್ಯಾನ್ ನಿಲ್ಲಿಸಿ ಎಂದು ಹೇಳಿದ್ದು ಮುಖ್ಯವಾಗಿ ಈ ಗಂಟೆಗಾಗಿ.

ಎರಡನೆಯದು 1973ರ 'ಲಾಸ್ಟ್ ಹಾರ್ಟ್ಸ್', 35 ನಿಮಿಷ. ಅನಾಥ ಹುಡುಗ ವಯಸ್ಸಾದ ಬಂಧುವಿನ ದೊಡ್ಡ ಮನೆಗೆ ಬರುತ್ತಾನೆ, ಅಲ್ಲಿ ಇನ್ನಿಬ್ಬರು ಮಕ್ಕಳು ಅವನಿಗೆ ಕಾಣಿಸತೊಡಗುತ್ತಾರೆ. ಹರ್ಡಿ-ಗರ್ಡಿ ಎಂಬ ತಿರುಗಿಸಿ ನುಡಿಸುವ ತಂತಿವಾದ್ಯದ ರಾಗ ಇದರ ಜೀವ. ಸರಣಿಯಲ್ಲಿ ದೆವ್ವಗಳು ಇಷ್ಟು ಬಿಚ್ಚುಮುಖವಾಗಿ ಕಾಣುವುದು ಕಡಿಮೆ, ಆದ್ದರಿಂದ ಹೊಸಬರಿಗೆ ಹಿಡಿಸುತ್ತದೆ. ಪಾತ್ರಗಳು ಮಕ್ಕಳು ಅಂದ ಮಾತ್ರಕ್ಕೆ ಮಕ್ಕಳಿಗೆ ತೋರಿಸಬೇಡಿ.

ಇನ್ನು 'ದಿ ಸ್ಟಾಲ್ಸ್ ಆಫ್ ಬಾರ್ಚೆಸ್ಟರ್' (1971), ನಂತರ 'ಎ ವಾರ್ನಿಂಗ್ ಟು ದಿ ಕ್ಯೂರಿಯಸ್' (1972). ಈ ಎರಡನ್ನು ಇದೇ ಕ್ರಮದಲ್ಲಿ ನೋಡಬೇಕು. ಎರಡರಲ್ಲೂ ಕ್ಲೈವ್ ಸ್ವಿಫ್ಟ್ ಅಭಿನಯಿಸಿದ ಡಾಕ್ಟರ್ ಬ್ಲ್ಯಾಕ್ ಎಂಬ ವಿದ್ವಾಂಸ ಇದ್ದಾನೆ. ಮೊದಲನೆಯದರಲ್ಲಿ ಅವನು ಚರ್ಚಿನ ಗ್ರಂಥಾಲಯದಲ್ಲಿ ಹಳೆಯ ದಿನಚರಿ ಓದುವವನು, ಅಪಾಯ ಅವನಿಗೆ ತಟ್ಟುವುದಿಲ್ಲ. ಎರಡನೆಯದರಲ್ಲಿ ಅವನೇ ಸ್ಥಳದಲ್ಲಿರುತ್ತಾನೆ. ಈ ವ್ಯತ್ಯಾಸ ಗೊತ್ತಿದ್ದರೆ ಎರಡನೆಯದರ ಕೊನೆ ಬೇರೆಯೇ ಆಗಿ ನಾಟುತ್ತದೆ.

'ಸ್ಟಾಲ್ಸ್' ನಾರ್ವಿಚ್ ಕೆಥೆಡ್ರಲ್‌ನಲ್ಲಿ ಚಿತ್ರಿತವಾಯಿತು. ರಾಬರ್ಟ್ ಹಾರ್ಡಿ ಅಭಿನಯಿಸಿದ ಆರ್ಚ್‌ಡೀಕನ್ (ಹಿರಿಯ ಪಾದ್ರಿ) ಹೇನ್ಸ್ ಕೂರುವ ಮರದ ಆಸನದಲ್ಲಿ ಮೂರು ಕೆತ್ತನೆಗಳಿವೆ, ಒಂದು ಬೆಕ್ಕು. ಪ್ರಾರ್ಥನೆಯ ನಡುವೆ ಅವನ ಕೈ ಆ ಕೆತ್ತನೆಗಳ ಮೇಲೆ ಎಲ್ಲಿ ಇರುತ್ತದೆ ಎಂದು ಗಮನಿಸುತ್ತಿರಿ. ಮೊದಲ ಹದಿನೈದು ನಿಮಿಷ ನಿಧಾನ ಅನಿಸುತ್ತದೆ. ಮೆಟ್ಟಿಲಿನ ಹತ್ತಿರದ ಪಿಸುಮಾತು ಶುರುವಾಗುವವರೆಗೆ ಬಿಡದೆ ಕೂರಿ.

'ವಾರ್ನಿಂಗ್' ಇಡೀ ಸರಣಿಯ ಶಿಖರ, ಇದರಲ್ಲಿ ಅನುಮಾನ ಬೇಡ. ಇಂಗ್ಲೆಂಡಿನ ಪೂರ್ವ ಕರಾವಳಿಯನ್ನು ಶತ್ರುಗಳಿಂದ ಕಾಯಲು ಮೂರು ಕಿರೀಟಗಳನ್ನು ಹೂತಿಟ್ಟಿದ್ದರು, ಈಗ ಒಂದೇ ಉಳಿದಿದೆ ಎಂಬುದು ಐತಿಹ್ಯ. ಜೇಮ್ಸ್ ಕಥೆಯ ಪ್ಯಾಕ್ಸ್‌ಟನ್‌ನನ್ನು ಚಿತ್ರ ಕೆಲಸ ಕಳೆದುಕೊಂಡ ಗುಮಾಸ್ತನನ್ನಾಗಿ ಮಾಡಿದೆ. ಪೀಟರ್ ವಾನ್ ಸವೆದ ಬೂಟು ತೊಟ್ಟು, ಗುದ್ದಲಿ ಹಿಡಿದು ಬರುವುದರಿಂದ ದುರಾಸೆಯ ಜಾಗದಲ್ಲಿ ಬಡತನ ಬಂದು ಕೂರುತ್ತದೆ. ಅವನ ಮೇಲೆ ಕನಿಕರ ಹುಟ್ಟುತ್ತದೆ, ಭಯ ಹೆಚ್ಚುವುದೂ ಅದರಿಂದಲೇ. ಕಿರೀಟ ಕಾಯುವ ಏಜರ್ ಕ್ಷಯದಿಂದ ಸತ್ತವನು. ಉಸಿರಿಗೆ, ಕೆಮ್ಮಿಗೆ ಕಿವಿಗೊಡಿ. ಹೊರಾಂಗಣದ ಪ್ರತಿ ದೃಶ್ಯದಲ್ಲೂ ಮೊದಲು ದಿಗಂತ, ಆಮೇಲೆ ಮರಗಳ ಸಾಲು, ಕೊನೆಗೆ ಮುಂದಿರುವ ಮನುಷ್ಯ, ಈ ಕ್ರಮದಲ್ಲಿ ಕಣ್ಣಾಡಿಸಿ. ಹಾಲ್ಕಮ್‌ನ ಪೈನ್ ಕಾಡಿನ ದೃಶ್ಯಗಳಲ್ಲಿ ಕಾಂಡಗಳೆಲ್ಲ ನೆಟ್ಟಗೆ, ಕಪ್ಪಗೆ ನಿಂತಿವೆ. ಅವುಗಳ ನಡುವೆ ಇನ್ನೊಂದು ಕಪ್ಪು ಗೆರೆ ನಿಂತರೆ ತಕ್ಷಣ ಗೊತ್ತಾಗುವುದಿಲ್ಲ. ಮೊಬೈಲ್ ನೋಡುತ್ತಾ ಕೂತವರಿಗೆ ಗೊತ್ತಾಗುವುದೇ ಇಲ್ಲ.

ಇದಾದ ಮೇಲೆ 1968ರ 'ವಿಸಲ್'. ಜೋನಾಥನ್ ಮಿಲ್ಲರ್ ನಿರ್ದೇಶಿಸಿದ ಇದು ಸರಣಿಯ ಹೊರಗಿನದು, 'ಆಮ್ನಿಬಸ್' ಕಾರ್ಯಕ್ರಮದಲ್ಲಿ ಪ್ರಸಾರವಾದದ್ದು. ಅದೇ ಕರಾವಳಿ, ಆದರೆ ತಮ್ಮ ಬುದ್ಧಿಯ ಬಗ್ಗೆ ತುಂಬ ಭರವಸೆಯಿರುವ ಪ್ರೊಫೆಸರ್. ಅವರು ತಿನ್ನುವುದು, ತಮ್ಮೊಳಗೇ ನಗುವುದು ಇವೆಲ್ಲ ಕಥೆಗೆ ಸಂಬಂಧವಿಲ್ಲ ಎಂದುಕೊಂಡು ಫಾರ್ವರ್ಡ್ ಮಾಡಿದರೆ ಕೊನೆಯ ಕೋಣೆಯ ದೃಶ್ಯಕ್ಕೆ ಅರ್ಥವೇ ಇರುವುದಿಲ್ಲ. ಆ ಮನುಷ್ಯ ಕುಸಿಯುವುದೇ ಕಥೆ.

'ದಿ ಟ್ರೆಷರ್ ಆಫ್ ಅಬಟ್ ಥಾಮಸ್' (1974) ಸುಳ್ಳು ಪ್ರೇತಾವಾಹನೆಯೊಂದನ್ನು ಬಯಲು ಮಾಡುವ ದೃಶ್ಯದಿಂದ ಶುರುವಾಗುತ್ತದೆ. ಗಾಜಿನ ಕಿಟಕಿಯ ಲ್ಯಾಟಿನ್ ಗುಪ್ತಲಿಪಿ ಬಿಡಿಸಲು ನೀವೂ ಪಾಸ್ ಮಾಡಿ ಕೂರುವ ಅಗತ್ಯವಿಲ್ಲ, ಮೈಕೇಲ್ ಬ್ರ್ಯಾಂಟ್‌ನ ಪಾದ್ರಿ ಎಲ್ಲ ವಿವರಿಸುತ್ತಾನೆ. 'ದಿ ಆ್ಯಶ್ ಟ್ರೀ' (1975) ಮಾತ್ರ ಕಥೆ ಓದಿಕೊಂಡೇ ನೋಡಿ. ಎರಡು ಕಾಲಗಳ ಇಬ್ಬರು ಜಮೀನ್ದಾರರನ್ನು ಎಡ್ವರ್ಡ್ ಪೆದರ್‌ಬ್ರಿಜ್ ಒಬ್ಬರೇ ಮಾಡಿದ್ದಾರೆ, ಡೇವಿಡ್ ರಡ್ಕಿನ್ ಅವರ ಚಿತ್ರಕಥೆ ಸೂಚನೆ ಕೊಡದೆ ಕಾಲದಿಂದ ಕಾಲಕ್ಕೆ ಹಾರುತ್ತದೆ. ಓದದೆ ಕೂತವರು 32 ನಿಮಿಷದಲ್ಲಿ ದಾರಿ ತಪ್ಪುತ್ತಾರೆ. ಕೊನೆಯ ಐದು ನಿಮಿಷ ಊಟವಾದ ತಕ್ಷಣ ನೋಡುವಂಥದ್ದಲ್ಲ.

'ಸ್ಟಿಗ್ಮಾ' (1977) ಏವ್‌ಬರಿಯ ಕಲ್ಲುವೃತ್ತದ ನಡುವಿನ ಊರಿನಲ್ಲಿ, ಆ ಕಾಲದ್ದೇ ಕುಟುಂಬದ ಕಥೆ. ತೋಟದ ದೊಡ್ಡ ಕಲ್ಲೊಂದನ್ನು ಎಬ್ಬಿಸಿದ ಮೇಲೆ ಮನೆಯೊಡತಿಯ ಮೈಯಿಂದ ಗಾಯವಿಲ್ಲದೆ ರಕ್ತ ಬರುತ್ತದೆ. ರಕ್ತ ನೋಡಲಾಗದವರು ಬಿಟ್ಟುಬಿಡಿ. 'ದಿ ಐಸ್ ಹೌಸ್' (1978) ಸರಣಿಯಲ್ಲಿ ದುರ್ಬಲವಾದದ್ದು, ಲೆಕ್ಕ ಪೂರ್ತಿ ಮಾಡುವವರಿಗೆ ಮಾತ್ರ.

ಓದಬೇಕೆನಿಸಿದರೆ

ಜೇಮ್ಸ್ 1936ರಲ್ಲಿ ತೀರಿಕೊಂಡರು, ಅವರ ಬರಹಕ್ಕೆ ಭಾರತದಲ್ಲಾಗಲಿ ಬ್ರಿಟನ್ನಿನಲ್ಲಾಗಲಿ ಈಗ ಹಕ್ಕುಸ್ವಾಮ್ಯವಿಲ್ಲ. 1904 ಮತ್ತು 1911ರ ಎರಡು ಸಂಕಲನಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತವೆ. 'ವಾರ್ನಿಂಗ್' ಬಿಟ್ಟು ಮೇಲೆ ಹೇಳಿದ ಜೇಮ್ಸ್ ಕಥೆಗಳೆಲ್ಲ ಅವೆರಡರಲ್ಲೇ ಇವೆ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಗೆಳೆಯರಿಗೆ ಗಟ್ಟಿಯಾಗಿ ಓದಿ ಹೇಳಲು ಬರೆದ ಕಥೆಗಳಾದ್ದರಿಂದ ಮನೆಯಲ್ಲೂ ಒಬ್ಬರು ಓದಿ ಉಳಿದವರು ಕೇಳಿದರೆ ಚೆನ್ನ. 'ಆ್ಯಶ್ ಟ್ರೀ' ಬಿಟ್ಟು ಉಳಿದವಕ್ಕೆ ಚಿತ್ರ ಮೊದಲು, ಓದು ಆಮೇಲೆ.

ಬಿಬಿಸಿ 2005ರಲ್ಲಿ 'ಎ ವ್ಯೂ ಫ್ರಮ್ ಎ ಹಿಲ್' ಮೂಲಕ ಈ ಪರಿಪಾಠವನ್ನು ಮತ್ತೆ ಶುರು ಮಾಡಿತು. 2013ರ 'ದಿ ಟ್ರ್ಯಾಕ್ಟೇಟ್ ಮಿಡೋತ್'ನಿಂದ ಬರಹಗಾರ, ನಿರ್ದೇಶಕ ಮಾರ್ಕ್ ಗ್ಯಾಟಿಸ್ ಅದನ್ನು ಮುಂದುವರಿಸಿದ್ದಾರೆ. ಹೊಸವೆಲ್ಲ ಅಗಲ ಪರದೆಗೆ ತೆಗೆದವು, ಹಳೆಯವಕ್ಕೆಂದು ಮಾಡಿದ 4:3 ಸೆಟ್ಟಿಂಗನ್ನು ಅವನ್ನು ಹಾಕುವ ಮುಂಚೆ ತೆಗೆಯಿರಿ.